ಕರ್ತೃವಿಲ್ಲದ ವಾಕ್ಯ

2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಭಾಷಣದಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಪ್ರಕಟವಾದಾಗ ನಾನು ದೆಹಲಿಯ ಕಚೇರಿಯಲ್ಲಿದ್ದೆ. ಸಂಜೆ ಹೊಸದುರ್ಗದ ಕಡೆಯ ನಮ್ಮೂರಿನಿಂದ ಅಪ್ಪನ ಫೋನು: “ಏನಪ್ಪಾ, ನಮ್ಮ ಕೆರೆಗೆ ನೀರು ಬಂದಂಗೇ ಅಲ್ವಾ?” ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ನೀರು ಹರಿಸುವ ಈ ಮಾತನ್ನು ಅವರು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದವರು. “ಹೌದಪ್ಪ” ಎಂದುಬಿಟ್ಟೆ.

ಹೇಳಬಾರದಿತ್ತು. ಇಂಗ್ಲಿಷ್ ಎಂ.ಎ. ಮಾಡಿದವನ ಕಿವಿಗೆ ಆ ಘೋಷಣೆಯ ಕರ್ಮಣಿ ಪ್ರಯೋಗ ಅಂದೇ ಕೇಳಿಸಿತ್ತು: ನೆರವು ಕೊಡಲಾಗುವುದು. ಕೊಡುವವರು ಯಾರು, ಯಾವಾಗ, ಯಾವ ಷರತ್ತಿನ ಮೇಲೆ? ಘೋಷಣೆಗೂ ಬಿಡುಗಡೆಗೂ ನಡುವೆ ಎಷ್ಟು ಮೇಜುಗಳಿವೆಯೆಂದು ಬಲ್ಲವನು ನಾನು. 2023 ಕಳೆಯಿತು, 2024 ಕಳೆಯಿತು; ಆ ಹಣ ರಾಜ್ಯ–ಕೇಂದ್ರಗಳ ವಾಗ್ವಾದದ ವಸ್ತುವಾಯಿತೇ ಹೊರತು ಕಾಲುವೆಗೆ ಇಳಿಯಲಿಲ್ಲ.

ಅಂಥ ವಾಕ್ಯಗಳನ್ನು ನಾನೂ ಬರೆಯುತ್ತೇನೆ. ಬೇರೊಂದು ರಾಜ್ಯದ ಸಣ್ಣ ಸೇತುವೆಯ ಕಡತವನ್ನು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರದಲ್ಲಿ ಒಂದು ಸಹಿಯಿಲ್ಲವೆಂದು, ಮಾರ್ಚ್ ಕೊನೆಯ ವಾರದಲ್ಲಿ ‘ಹಿಂದಿರುಗಿಸಲಾಗಿದೆ’ ಎಂದು ಬರೆದು ಕಳಿಸಿದ್ದೆ. ಲೆಕ್ಕ ಕೇಳದೆ ಸಾರ್ವಜನಿಕರ ಹಣ ಕೊಡಬಾರದೆಂಬುದನ್ನು ಇಂದಿಗೂ ಒಪ್ಪುತ್ತೇನೆ. ಆದರೆ 31ನೇ ತಾರೀಖು ದಾಟಿದರೆ ಆ ವರ್ಷದ ಹಣ ಕೈತಪ್ಪುತ್ತದೆಂದೂ ಗೊತ್ತಿತ್ತು. ಒಂದು ಫೋನು ಮಾಡಬಹುದಿತ್ತು, ಮಾಡಲಿಲ್ಲ. ಹಿಂದಿರುಗಿಸಿದವನು ನಾನೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಕೆರೆಯ ಮಾತೆತ್ತಲಿಲ್ಲ. ಇನ್ನೊಂದು ಬೋರು ಕೊರೆಸಲು ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಗಬಹುದೆಂದು ಕೇಳಿದರು.