ಊಟದ ಪೊಟ್ಟಣದ ಸಿಗರೇಟು

ಹ್ಯೂಸ್ಟನ್ನಿಗೆ ಬಂದ ಹೊಸತರಲ್ಲಿ, 2012ರಲ್ಲಿ, ನನ್ನ ಕೆಲಸ ಏನು ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ "ಮಾಜಿ ಸೈನಿಕರ ಎದೆಯುರಿ ಲೆಕ್ಕ ಹಾಕೋದು" ಅಂದಿದ್ದೆ. "ಅದಕ್ಕೂ ಸಂಬಳ ಕೊಡ್ತಾರೇನೋ?" ಅಂತ ನಕ್ಕಿದ್ದಳು.

ನಿಜವಾಗಿ ಲೆಕ್ಕ ಎದೆಯುರಿಯದ್ದಲ್ಲ, ಅದರ ಬೆನ್ನಿಗೆ ಬರುವ ಬ್ಯಾರೆಟ್ಸ್ ಈಸೋಫೇಗಸ್ ಎಂಬ ಕಾಯಿಲೆಯದು. ಹೊಟ್ಟೆಯ ಆಮ್ಲ, ಪಿತ್ತರಸ ವರ್ಷಗಟ್ಟಲೆ ಮೇಲಕ್ಕೆ ಉಕ್ಕಿ ಅನ್ನನಾಳದ ಕೆಳತುದಿಯನ್ನು ಸುಡುತ್ತಿದ್ದರೆ, ಅಲ್ಲಿನ ಒಳಪೊರೆ ತನ್ನ ಜಾತಿಯನ್ನೇ ಬದಲಾಯಿಸಿ ಕರುಳಿನ ಪೊರೆಯ ಹಾಗಾಗುತ್ತದೆ. ಹೆಚ್ಚಿನವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ, ಕೆಲವರಲ್ಲಿ ಮಾತ್ರ ಕ್ಯಾನ್ಸರ್ ಆಗುತ್ತದೆ. 1950ರಲ್ಲಿ ಇದರ ಬಗ್ಗೆ ಬರೆದ ಸರ್ಜನ್ ನಾರ್ಮನ್ ಬ್ಯಾರೆಟ್, ಇದು ಅನ್ನನಾಳವೇ ಅಲ್ಲ, ಮೇಲಕ್ಕೆ ಎಳೆದುಕೊಂಡ ಹೊಟ್ಟೆ ಅಂದುಕೊಂಡಿದ್ದರು. 1957ರಲ್ಲಿ ತಿದ್ದಿಕೊಂಡರು. ಕಾರಣ ಹುಡುಕುವವರಿಗೆ ಒಳ್ಳೆಯ ಗುರು!

ಮಾಜಿ ಸೈನಿಕರೇ ಯಾಕೆ? ಈ ಕಾಯಿಲೆ ಗಂಡಸರಿಗೆ, ಬಿಳಿಯರಿಗೆ, ಐವತ್ತು ದಾಟಿದವರಿಗೆ, ಹೊಟ್ಟೆ ಬಂದವರಿಗೆ, ಸಿಗರೇಟು ಸೇದಿದವರಿಗೆ ಹೆಚ್ಚು. ಸೈನಿಕರ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಇವರೇ ಕಾಣುತ್ತಾರೆ. ಹಾಗಾಗಿ ಅವರಲ್ಲಿ ಕಾಯಿಲೆ ಜಾಸ್ತಿ ಅಂದ ಮಾತ್ರಕ್ಕೆ ಸೈನ್ಯವೇ ಕಾರಣ ಅನ್ನುವ ಹಾಗಿಲ್ಲ. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಪಕ್ಕಪಕ್ಕ ಕೂರಿಸಿ ಒಂದೊಂದೇ ಕಾರಣವನ್ನು ಬಿಡಿಸಬೇಕು. ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಇದ್ದವರಲ್ಲಿ ಈ ಕಾಯಿಲೆ ಕಡಿಮೆ ಅನ್ನುವಂಥ ತಮಾಷೆಗಳೂ ಆಗ ಸಿಗುತ್ತವೆ.

ನಾನು ಕಂಪ್ಯೂಟರಿನ ಮುಂದೆ ಕೂರುವವನು. ನನಗೆ ಅವರೆಲ್ಲ ಆಗಿನ ರೋಗಸಂಕೇತ 530.85, ಅಷ್ಟೇ. ಒಂದು ದಿನ ಪ್ರಶ್ನಾವಳಿ ಕೇಳುವ ಹುಡುಗಿ ರಜೆ, ನನ್ನನ್ನೇ ಕಳಿಸಿದರು. ಎದುರಿಗೆ ಅರವತ್ತು ದಾಟಿದ ಒಬ್ಬ ಅಜ್ಜ. ಸೊಂಟ ಅಳೆದೆ. ಸಿಗರೇಟು ಯಾವಾಗ ಶುರು ಮಾಡಿದ್ರಿ ಅಂತ ಕೇಳಿದೆ.

"1968. ವಿಯೆಟ್ನಾಂ. ಊಟದ ಜೊತೆ ಬರ್ತಿತ್ತು."

ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಸಂಜೆ ಹುಡುಕಿದರೆ ನಿಜ. ಸೈನಿಕರ ಊಟದ ಪೊಟ್ಟಣದಲ್ಲಿ ಬಿಸ್ಕತ್ತು, ಕಾಫಿಪುಡಿ, ಬೆಂಕಿಕಡ್ಡಿಯ ಜೊತೆ ನಾಲ್ಕು ಸಿಗರೇಟು ಇರುತ್ತಿದ್ದವು. 1975ರಲ್ಲಿ ನಿಲ್ಲಿಸಿದರು. ಅದಕ್ಕೆ ಮೊದಲು ಈ ಅಜ್ಜ ಸೇದಿಯೇ ಇರಲಿಲ್ಲವಂತೆ. ಆಮೇಲೆ ಮೂವತ್ತು ವರ್ಷ ಬಿಡಲಾಗಲಿಲ್ಲ.

ನನ್ನ ಫಾರಂನಲ್ಲಿ ಯಾವ ವರ್ಷ, ದಿನಕ್ಕೆ ಎಷ್ಟು ಪ್ಯಾಕು ಅಂತ ಕಾಲಂ ಇತ್ತು. ಕೊಟ್ಟವರು ಯಾರು ಅನ್ನೋ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದೆ. ಅಂಚಿನಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಗುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು..

ಕಾನೂನಿನಲ್ಲೂ ಆ ಕಾಲಂ ಇಲ್ಲ. ಸೇವೆಯಲ್ಲಿದ್ದಾಗ ತಂಬಾಕು ಸೇದಿದ್ದೇ ಕಾರಣ ಅಂತ ಹೇಳಿ ಕಾಯಿಲೆಗೆ ಪರಿಹಾರ ಕೇಳುವ ಹಾಗಿಲ್ಲ ಅಂತ 1998ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿತು. 2022ರ ಪ್ಯಾಕ್ಟ್ ಕಾಯ್ದೆ ಬಂದಾಗ ಅಜ್ಜ ಮತ್ತೆ ನೆನಪಾದರು. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಹೊಂಡ ತೋಡಿ ಕಸ ಸುಟ್ಟ ಹೊಗೆ ಕುಡಿದವರಿಗೆ ಅನ್ನನಾಳದ ಕ್ಯಾನ್ಸರ್ ಬಂದರೆ ಅದು ಸೇವೆಯಿಂದಲೇ ಬಂತು ಅಂತ ಆ ಕಾಯ್ದೆ ಒಪ್ಪಿಕೊಳ್ಳುತ್ತದೆ. ಒಳ್ಳೆಯದೇ ಆಯಿತು. ಆದರೆ ಹೊಂಡದ ಹೊಗೆ ಸರ್ಕಾರದ್ದು, ಪೊಟ್ಟಣದ ಹೊಗೆ ಸೇದಿದವನದ್ದು!

ಆವತ್ತು ಏಳುವ ಮುಂಚೆ ಅಜ್ಜ ಕೇಳಿದ್ದರು: "ಹಾಗಾದ್ರೆ ಇದು ನಾನೇ ತಂದ್ಕೊಂಡಿದ್ದಾ?"

ಸಾವಿರ ಜನರ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ಒಬ್ಬರಿಗೆ, ಅವರ ಸೊಂಟವೋ ಸಿಗರೇಟೋ ಹಳೇ ಎದೆಯುರಿಯೋ ಅಂತ ಬಿಡಿಸಿ ಹೇಳುವ ಲೆಕ್ಕ ನಮ್ಮಲ್ಲಿಲ್ಲ. "ಹಾಗೆ ಹೇಳೋಕಾಗಲ್ಲ ಸರ್" ಅಂದೆ. ಅವರು ಬೆನ್ನು ತಟ್ಟಿ ಹೋದರು.

ನೀವಾಗಿದ್ದರೆ ಏನು ಹೇಳ್ತಿದ್ರಿ?