ಸಪೋಟದ ಹಾಲು

ಸಪೋಟದ ಕಾಯಿ ಕಿತ್ತಾಗ ತೊಟ್ಟಿನಿಂದ ಒಸರುವ ಹಾಲು ಬೆರಳಿಗೆ ಮೆತ್ತಿದರೆ ನಾವು ಬೈದುಕೊಂಡು ತೊಳೆಯುತ್ತೇವೆ. ಅಮೆರಿಕದವರು ಆ ಅಂಟಿನಿಂದಲೇ ಹಣ ಮಾಡಿದರೆಂದು ತಿಳಿದ ಮೇಲೆ ನನಗೆ ಈ ಮರದ ಬಗ್ಗೆ ಗೌರವ ಹೆಚ್ಚಿದೆ.

ಮೆಕ್ಸಿಕೋದ ಪದಚ್ಯುತ ದಂಡನಾಯಕ ಸಾಂತಾ ಆನಾ ೧೮೬೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿದ್ದ. ಈ ಅಂಟನ್ನು, ಅಂದರೆ 'ಚಿಕ್ಲೆ'ಯನ್ನು, ಥಾಮಸ್ ಆಡಮ್ಸನಿಗೆ ತೋರಿಸಿದವನು ಅವನೇ. ಆಡಮ್ಸ್ ಅದರಿಂದ ರಬ್ಬರು ಮಾಡಹೋಗಿ ಸೋತ. ಸೋತ ಸರಕನ್ನೇ ಅಗಿಯುವುದಕ್ಕೆ ಮಾರಿ ಗೆದ್ದ. ೧೮೭೧ರಲ್ಲಿ ಅದರ ಯಂತ್ರಕ್ಕೆ ಪೇಟೆಂಟನ್ನೂ ಪಡೆದ. ೧೯೦೦ರ ಸುಮಾರಿಗೆ ಫ್ಲೀರ್ ಕಂಪೆನಿಯವರು ಅಂಟಿನ ಚೂರುಗಳಿಗೆ ಸಕ್ಕರೆಯ ಕವಚ ತೊಡಿಸಿದರು. 'ಚಿಕ್ಲೆಟ್ಸ್' ಹುಟ್ಟಿತು.

ಸಕ್ಕರೆಯೇನೋ ಕ್ಷಣದಲ್ಲಿ ಕರಗುತ್ತದೆ. ಒಳಗಿನ ಅಂಟು ಬಂದದ್ದು ಯುಕಟಾನಿನ ಕಾಡುಗಳಿಂದ. ಅಲ್ಲಿನ ಕೂಲಿಗಳು ಮಳೆಗಾಲದಲ್ಲಿ ಹಗ್ಗ ಬಿಗಿದುಕೊಂಡು ಮರವೇರಿ, ಮಚ್ಚಿನಿಂದ ತೊಗಟೆ ಗೀರಿ ಹಾಲಿಳಿಸುತ್ತಿದ್ದರು. ಗೀರಿದ ಮರಕ್ಕೆ ವರ್ಷಗಟ್ಟಲೆ ವಿಶ್ರಾಂತಿ ಬೇಕು. ಪೇಟೆಗೆ ಅಷ್ಟು ತಾಳ್ಮೆಯೆಲ್ಲಿ? ಎರಡನೆಯ ಮಹಾಯುದ್ಧದ ನಂತರ ಕೃತಕ ಅಂಟು ಬಂದಿತು. ಮರಕ್ಕೆ ಬಿಡುವು ಸಿಕ್ಕಿತು, ಕೂಲಿಯ ಅನ್ನ ಹೋಯಿತು. ಡಬ್ಬಿಯ ಮೇಲೆ ಚಿಕ್ಲೆಯ ಹೆಸರು ಮಾತ್ರ ಉಳಿಯಿತು.

ನಮ್ಮವರು ಈ ಮರವನ್ನು ಗೀರದೆ ಹಣ್ಣಿಗಾಗಿ ಕಾದರು. ಅದು ನಮ್ಮ ದೊಡ್ಡತನವೆಂದು ನಾನು ಹೇಳಲಾರೆ. ನಮಗೆ ಆ ದಾರಿ ಗೊತ್ತಿರಲಿಲ್ಲ, ಅಷ್ಟೆ.