ಗಾಜಿನ ತೊಟ್ಟಿಯ ಸಮುದ್ರ

“ಸಮುದ್ರ ಎರಡು ಮೈಲಿ ದೂರದಲ್ಲಿರುವಾಗ ದುಡ್ಡು ಕೊಟ್ಟು ಉಪ್ಪು ತಂದು ನೀರಿಗೆ ಕಲಸುವುದೇಕೆ ಮಾಷ್ಟ್ರೆ?” ನಮ್ಮ ಮನೆಗೆ ಬಂದವರು ಈ ಪ್ರಶ್ನೆಯನ್ನು ಕೇಳದೆ ಹೋಗುವುದಿಲ್ಲ. ಚಾವಡಿಯಲ್ಲಿ ನೂರು ಲೀಟರಿನ ಗಾಜಿನ ತೊಟ್ಟಿ. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿ ಹೊತ್ತ ಎರಡು ಕ್ಲೌನ್ ಮೀನುಗಳು. ಮಗ ಸೊಸೆಯರು ಉದ್ಯೋಗ ನಿಮಿತ್ತ ಕೊಚ್ಚಿಯಲ್ಲಿದ್ದಾರೆ. ಮೊಮ್ಮಗಳು ಎರಡು ವರ್ಷ ನಮ್ಮಲ್ಲಿದ್ದು ಶಾಲೆಗೆ ಹೋದಳು. ತೊಟ್ಟಿ ಅವಳದು, ಅದರ ಚಿಂತೆ ಮನೆಮಂದಿಗೆಲ್ಲ.

ಕಾಸರಗೋಡಿನ ಕರೆಯ ನೀರು ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಆಟಿಯ ಮಳೆಗೆ ಚಂದ್ರಗಿರಿ ಕೆಂಪಾಗಿ ಕಡಲು ಸೇರುವಾಗ ಅಳಿವೆಯ ಸುತ್ತಲಿನ ಉಪ್ಪು ಇಳಿದುಹೋಗುತ್ತದೆ. ಬೇಸಗೆಯಲ್ಲಿ ಇದಕ್ಕೆ ತದ್ವಿರುದ್ಧ. ಕಡಲೇ ಹೊಳೆಯನ್ನು ಏರಿ ಬರುತ್ತದೆ. ಪೇಟೆಯ ನಲ್ಲಿಯಲ್ಲಿ ಉಪ್ಪುನೀರು ಬಂದ ಬೇಸಗೆಗಳನ್ನು ನಮ್ಮವರು ಮರೆತಿರಲಾರರು. ಹವಳದ ದಿಬ್ಬಗಳ ನಡುವೆ ಬಾಳುವ ಮೀನಿಗೆ ಈ ಏರಿಳಿತ ಒಗ್ಗದು. ಅದಕ್ಕೆ ಬೇಕಾದುದು ಹೊರಗಡಲಿನ ಹದ: ತೂಕದಲ್ಲಿ ಸಾವಿರ ಪಾಲು ನೀರಿಗೆ 35 ಪಾಲು ಲವಣ.

ಹಾಗೆಂದು ಅಡುಗೆಮನೆಯ ಉಪ್ಪಿನ ಭರಣಿಗೆ ಕೈ ಹಾಕುವಂತಿಲ್ಲ. ಕಡಲಿನ ಲವಣದಲ್ಲಿ ನೂರಕ್ಕೆ ಸುಮಾರು 85 ಪಾಲು ನಮ್ಮ ಅಡುಗೆ ಉಪ್ಪಿನ ಅಂಶಗಳಾದರೂ ಉಳಿದುದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. 1872ರಿಂದ 1876ರವರೆಗೆ ಲೋಕದ ಕಡಲುಗಳನ್ನು ಸುತ್ತಿದ ‘ಚಾಲೆಂಜರ್’ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನ ವಿಜ್ಞಾನಿ ಪರೀಕ್ಷಿಸಿದನು. ಒಟ್ಟು ಉಪ್ಪು ಅಲ್ಲಲ್ಲಿ ಹೆಚ್ಚು ಕಡಿಮೆಯಾದರೂ ಈ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಎಂಬುದು ಅವನಿಗೆ ಕಂಡಿತು. ಅಂಗಡಿಯಲ್ಲಿ ಕಡಲುಪ್ಪಿನ ಮಿಶ್ರಣ ಪೊಟ್ಟಣದಲ್ಲಿ ದೊರೆಯುವುದು ಈ ಸ್ಥಿರತೆಯ ಕೃಪೆಯಿಂದ. ಬಿ.ಎ. ಓದಿದ ನಮಗೆ ಇದೆಲ್ಲ ಎಪ್ಪತ್ತು ದಾಟಿದ ಮೇಲೆ ತಿಳಿದ ವಿದ್ಯೆ.

ವಾರಕ್ಕೊಮ್ಮೆ ಹತ್ತು ಲೀಟರು ನೀರು ಬದಲಾಯಿಸಬೇಕು. ಹಿಂದಿನ ದಿನವೇ ಬಕೆಟಿನಲ್ಲಿ ಶುದ್ಧೀಕರಿಸಿದ ನೀರು ತುಂಬಿ, ಸಣ್ಣ ಪಂಪು ಇಳಿಸಿ, ನೀರು ಸುತ್ತುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇವೆ. ಉಪ್ಪಿನ ಮೇಲೆ ನೀರು ಸುರಿದರೆ ಕೆಲವು ಲವಣಗಳು ಗಟ್ಟಿಯಾಗಿ ಬಿಳಿಯಾಗಿ ತಳದಲ್ಲಿ ಕೂರುತ್ತವೆ, ಮತ್ತೆ ಕರಗುವುದಿಲ್ಲ. ಪೊಟ್ಟಣದ ಉಪ್ಪಿನಲ್ಲಿ ತೇವವೂ ಇರುವುದರಿಂದ ಲೀಟರಿಗೆ 35 ಗ್ರಾಂ ಸಾಲದು. ನಮ್ಮ ಲೆಕ್ಕ 38ರ ಹತ್ತಿರ. ಮಿಡಿ ಉಪ್ಪಿನಕಾಯಿಗೆ ಕೈಯಳತೆಯಲ್ಲೇ ಉಪ್ಪು ಬೆರೆಸುವ ಮನೆಯಾಕೆಗೆ ಈ ತಕ್ಕಡಿಯನ್ನು ಕಂಡರೆ ನಗು. ಉಪ್ಪು ಇನ್ನು ಕರಗದು ಎನ್ನುವಷ್ಟು ತುಂಬಿದ ಭರಣಿಯ ನೀರು ಕಡಲಿಗಿಂತ ಸುಮಾರು ಹತ್ತು ಪಟ್ಟು ಉಪ್ಪು. ಅಲ್ಲಿ ಒಂದು ಹಿಡಿ ಆಚೀಚೆಯಾದರೆ ನಡೆದೀತು, ಇಲ್ಲಿ ನಡೆಯದು.

ಮರುದಿನ ಅಳತೆ. ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮೇಲೆ ನಮಗೆ ವಿಶ್ವಾಸವಿಲ್ಲ. ಮುಳ್ಳಿಗೆ ನಾಲ್ಕು ಗುಳ್ಳೆ ಅಂಟಿದರೆ ಇಲ್ಲದ ಉಪ್ಪನ್ನು ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರ್ ವಾಸಿ. ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳಿ ಕೂಡುವ ಗೆರೆ 35ರಲ್ಲಿ ನಿಲ್ಲಬೇಕು. ಕನ್ನಡಕದ ನಮಗಿಂತ ಮಗುವಿನ ಕಣ್ಣು ಅದನ್ನು ಚೆನ್ನಾಗಿ ಓದುತ್ತಿತ್ತು.

ನಿಜವಾದ ಪರೀಕ್ಷೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ಸೆಕೆಗೆ ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ನೂರು ಲೀಟರಿನಲ್ಲಿ ಐದು ಇಂಗಿದರೆ 35 ಇದ್ದುದು 37ರ ಸಮೀಪಕ್ಕೆ ಏರುತ್ತದೆ. ಆ ಕೊರತೆಗೆ ಚಪ್ಪೆ ನೀರನ್ನೇ ಎರೆಯಬೇಕು. ಉಪ್ಪುನೀರು ಎರೆದರೆ ಉಪ್ಪಿನ ಮೇಲೆ ಉಪ್ಪು ಸೇರಿ ಮೀನು ಉಳಿಯುವುದು ಕಷ್ಟ. ಗಾಜಿನ ಹೊರಮೈಯಲ್ಲಿ ಒಂದು ಗೆರೆ ಎಳೆದು ಅಲ್ಲಿಯವರೆಗೆ ತುಂಬುವುದು ದಿನದ ಕೆಲಸವಾಯಿತು.

ಅಳತೆಗಳನ್ನು ಬರೆದಿಡಲು ಅವಳಿಗೊಂದು ಪುಸ್ತಕ ಕೊಟ್ಟೆವು. ಶಾಲೆಯಲ್ಲಿ ಇಂಗ್ಲಿಷು, ಮಲಯಾಳ. ಕನ್ನಡದ ಅಕ್ಷರ ಮನೆಯಲ್ಲಿ ಕಲಿತುದಷ್ಟೆ, ಬರೆಯುವ ಸಂದರ್ಭವೇ ಒದಗುತ್ತಿರಲಿಲ್ಲ. ಮೂವತ್ತಕ್ಕೂ ಮಿಕ್ಕಿ ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದ ಮನೆಯಲ್ಲಿ ಇದು ನಮ್ಮನ್ನು ಒಳಗೊಳಗೆ ಕೊರೆಯುತ್ತಿತ್ತು. ಪುಸ್ತಕದಲ್ಲಿ ದಿನ, ಉಷ್ಣ, ಉಪ್ಪು ಎಂದು ಮೂರು ಅಂಕಣ. ‘ಲವಣಾಂಶ’ ಎಂದು ಬರೆ ಎಂದರೆ ಅವಳು ಒಪ್ಪಲಿಲ್ಲ. “ಉಪ್ಪು ಸಾಕಜ್ಜ, ಅದಾದರೆ ಎಲ್ಲರಿಗೂ ಗೊತ್ತು” ಎಂದಳು. ಸರಿಯೇ, ಮಲಯಾಳದಲ್ಲಿಯೂ ತುಳುವಿನಲ್ಲಿಯೂ ಉಪ್ಪು ಉಪ್ಪೇ. ಮೊದಲ ತಿಂಗಳು ಅಂಕಿಗಳು ಮಾತ್ರ ಇದ್ದವು. ಬಳಿಕ ಪಕ್ಕದಲ್ಲಿ ಒಂದೊಂದು ಮಾತು: ‘ಇವತ್ತು ದೊಡ್ಡದು ತಿನ್ನಲಿಲ್ಲ’, ‘ಕರೆಂಟು ಹೋಗಿತ್ತು’, ‘ಅಜ್ಜಿ ಮೀನಿನ ಹತ್ತಿರ ಮಾತಾಡಿದರು’. ಬೇಸಗೆ ಮುಗಿಯುವಾಗ ಅರ್ಧ ಪುಟ ಬರೆಯುವಂತಾದಳು.

ಈ ಜೂನಿನಲ್ಲಿ ಅವಳು ತಾಯಿತಂದೆಯರ ಬಳಿಗೆ ಹೋದಳು. ಮೀನುಗಳು ಇಲ್ಲಿಯೇ ಇವೆ. ಹೊರಡುವ ಬೆಳಿಗ್ಗೆ ಗಾಜಿಗೆ ಒಂದು ಚೀಟಿ ಅಂಟಿಸಿದ್ದಳು: ‘ಅಜ್ಜ, ಗರೆಯವರೆಗೆ ಚಪ್ಪೆ ನೀರು ಮಾತ್ರ. ಉಪ್ಪು ಬರೆದಿಡಿ.’ ‘ಗೆರೆ’ ತಪ್ಪಾಗಿದೆ. ಕೆಂಪು ಪೆನ್ನು ಮೇಜಿನ ಮೇಲೆಯೇ ಇದ್ದರೂ ನಾವು ತಿದ್ದಿಲ್ಲ. ಇಂದಿನ ಉಪ್ಪು 35.